ಗಾಡಿಯ ಹಿಂದುಗಡೆ ನೀರು ಎಲ್ಲಿಂದ ಬಂತು?



ರೇಷ್ಮೆ ಹುಳ ಸಾಕುವ ಕಷ್ಟವನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ಸೊಪ್ಪು ಕೊಯ್ಯಬೇಕು. ಹೊತ್ತುಹೊತ್ತಿಗೆ ಹಾಕಬೇಕು. ಹಿಕ್ಕೆ ಕಸ ತೆಗೆಯಬೇಕು. ಹುಳ ನಾಲ್ಕು ಸಲ ಜ್ವರಕ್ಕೆ ಕೂತು ಏಳಬೇಕು. ಹಣ್ಣಾದ ಹುಳ ಆರಿಸಿ ಚಂದ್ರಂಕಿಗೆ ಬಿಡಬೇಕು. ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವ ತನಕ ಸುಮಾರು ಒಂದು ತಿಂಗಳು. ಆ ತಿಂಗಳಲ್ಲಿ ಮನೆಯ ಹೆಂಗಸರಿಗೆ ನಿದ್ದೆ ಅಷ್ಟಕ್ಕಷ್ಟೆ. 100 ಮೊಟ್ಟೆ ಸಾಕಿದರೆ, ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ ಸಾಕಿದರೆ, ಬೆಳೆ ಚೆನ್ನಾಗಿ ಬಂದಾಗ 60-70 ಕಿಲೊ ಗೂಡು ಸಿಗುತ್ತದೆ.

ಈ ಗೂಡು ಮಾರುಕಟ್ಟೆಗೆ ಹೋಗಬೇಕು. ದೇವನಹಳ್ಳಿ ತಾಲ್ಲೂಕಿನವರಿಗೆ ವಿಜಯಪುರದ ಮಾರುಕಟ್ಟೆ ಹತ್ತಿರ. ಕೆಲವರು ಶಿಡ್ಲಘಟ್ಟಕ್ಕೆ ಒಯ್ಯುತ್ತಾರೆ. ದಾರಿ ಒಂದೋ ಎರಡೋ ಗಂಟೆಯದು. ಒಂದು ತಿಂಗಳ ದುಡಿಮೆ ಆ ಒಂದೆರಡು ಗಂಟೆ ಗಾಡಿಯ ಹಿಂದುಗಡೆ ಕೂತಿರುತ್ತದೆ. ಹೊರಗೆ ಹಸ್ತೆ ಮಳೆಯೋ ಚಿತ್ತೆ ಮಳೆಯೋ ಸುರಿಯುತ್ತಿರುತ್ತದೆ.

ಮಾರುಕಟ್ಟೆಯಲ್ಲಿ ಚೀಲ ಬಿಚ್ಚಿದಾಗ ಅಡಿಯ ಗೂಡು ನೆಂದಿದ್ದರೆ ಏನಾಗುತ್ತದೆ? ಗೂಡಿನ ಎಳೆಗೆ ಒಂದು ಅಂಟು ಇರುತ್ತದೆ. ನೀರು ಬಿದ್ದರೆ ಆ ಅಂಟು ಮೆತ್ತಗಾಗುತ್ತದೆ. ಗೂಡಿಗೆ ಕಲೆ ಹಿಡಿಯುತ್ತದೆ. ಒದ್ದೆ ಗೂಡು ರಾಶಿಯಲ್ಲಿದ್ದರೆ ಕಾವು ಏರುತ್ತದೆ. ಒಳಗಿನ ಹುಳ ಸತ್ತರೆ ಒಳಗಿಂದಲೂ ಕಲೆ ಬರುತ್ತದೆ. ನೂಲು ತೆಗೆಯುವವರು ಹರಾಜಿಗೆ ಮುಂಚೆ ಗೂಡನ್ನು ಕೈಯಲ್ಲಿ ಹಿಡಿದು, ಅಲುಗಾಡಿಸಿ ನೋಡುತ್ತಾರೆ. ಅವರ ಬೆರಳಿಗೆ ಒದ್ದೆ ತಾಗಿದರೆ ಮುಗಿಯಿತು. ರೇಟು ಇಳಿಯಿತು ಅಂತಲೇ ಲೆಕ್ಕ.

ಗೂಡು ಮಾತ್ರ ಅಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಂದ ರೇಷ್ಮೆ ಸೀರೆಯ ಗಂಟು ಬೆಂಗಳೂರಿಗೆ ಹೋಗುತ್ತದೆ. ಸೀರೆ ನೆಂದರೆ ಬಣ್ಣ ಒಂದಕ್ಕೊಂದು ಹತ್ತುತ್ತದೆ, ಜರಿ ಕಪ್ಪಾಗುತ್ತದೆ. ಹೊಸಕೋಟೆ ಕಡೆಯ ತರಕಾರಿ ಒಂದು ಹನಿ ನೀರಿಗೆ ಕೆಡುವುದಿಲ್ಲ. ಆದರೆ ಮನೆಗೆ ತರುವ ರಾಗಿ ಚೀಲ, ರೇಷನ್ ಅಕ್ಕಿ, ಹಸುವಿನ ಹಿಂಡಿ, ಇವೆಲ್ಲ ಕೆಡುತ್ತವೆ. ಒದ್ದೆಯಾದ ಹಿಂಡಿಗೆ ಬೂಷ್ಟು ಬಂದರೆ ಅದನ್ನು ಹಸುವಿಗೆ ಹಾಕಬಾರದು.

ಗಾಡಿ ನಿಮ್ಮ ಮನೆಯದೇ ಇರಬಹುದು. ಬಾಡಿಗೆಯದು ಇರಬಹುದು. ಹಿಂದುಗಡೆ ನೀರು ಬಂದರೆ ಸಾಮಾನ್ಯವಾಗಿ ಏನು ಹೇಳ್ತಾರೆ? "ಹಳೇ ಗಾಡಿ ಕಣಮ್ಮ, ಮಳೆ ಬಂದ್ರೆ ಸೋರದೆ ಇರ್ತದಾ?" ಅನ್ನುತ್ತಾರೆ. ಒಂದು ಟಾರ್ಪಾಲು ಹೊದಿಸಿ ಸುಮ್ಮನಾಗುತ್ತಾರೆ. ನಾವು ಈ ಮಾತು ಒಪ್ಪುವುದಿಲ್ಲ. ಗಾಡಿ ಹಳೆಯದು ಅಂತ ನೀರು ಬರುವುದಿಲ್ಲ. ಎಲ್ಲೋ ಒಂದು ದಾರಿ ಇದೆ, ಅದಕ್ಕೇ ಬರುತ್ತದೆ. ಆ ದಾರಿ ಹುಡುಕುವುದಕ್ಕೆ ಮೆಕಾನಿಕ್ಕೇ ಬೇಕು ಅಂತಿಲ್ಲ. ಒಂದು ಚೊಂಬು, ಒಂದು ಹಳೇ ಪೇಪರು, ಒಂದು ಹಿಡಿ ರಂಗೋಲಿ ಪುಡಿ, ಒಂದು ಟಾರ್ಚು ಸಾಕು. ಜೊತೆಗೆ ಇನ್ನೊಬ್ಬರು ಇರಬೇಕು.

ನೀರು ನಿಂತ ಜಾಗ ಬೇರೆ, ಬಂದ ಜಾಗ ಬೇರೆ

ಇದೊಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ನಿಮ್ಮ ಮನೆ ಹೆಂಚು ಸೋರುವುದನ್ನು ನೆನಪು ಮಾಡಿಕೊಳ್ಳಿ. ಒಡೆದ ಹೆಂಚು ಮೇಲೆ ಇರುತ್ತದೆ. ನೀರು ತೀರಿನ ಮೇಲೆ ಹರಿದು ಬಂದು ಬೇರೆ ಕಡೆ ತೊಟ್ಟಿಕ್ಕುತ್ತದೆ. ಅಲ್ವಾ? ಪಾತ್ರೆ ಇಡುವುದು ಒಂದು ಕಡೆ, ಹೆಂಚು ಬದಲಾಯಿಸುವುದು ಇನ್ನೊಂದು ಕಡೆ.

ಗಾಡಿಯಲ್ಲೂ ಹಾಗೇ. ಚಾವಣಿಯ ಸಂದಿನಲ್ಲಿ ಇಳಿದ ನೀರು ತಗಡಿನ ಒಳಗೇ ಹರಿಯುತ್ತದೆ. ಕಂಬದೊಳಗೆ ಇಳಿಯುತ್ತದೆ. ಕೊನೆಗೆ ನೆಲದ ಮ್ಯಾಟಿನ ಅಡಿ ಬಂದು ನಿಲ್ಲುತ್ತದೆ. ಗಾಡಿ ನಿಂತ ಜಾಗ ಏರಾಗಿದ್ದರೆ, ಮೂತಿ ಮೇಲಿದ್ದರೆ, ನೀರೆಲ್ಲ ಹಿಂಬಾಗಿಲ ಹತ್ತಿರ ಸೇರುತ್ತದೆ. ಆಗ ಎಲ್ಲರೂ ಹಿಂಬಾಗಿಲನ್ನು ಬೈಯುತ್ತಾರೆ. ಬಾಗಿಲಿನ ರಬ್ಬರು ಬದಲಾಯಿಸುತ್ತಾರೆ. ಮುಂದಿನ ಮಳೆಗೆ ಮತ್ತೆ ನೀರು! ಹೋದದ್ದು ದುಡ್ಡು.

ಹಾಗಾಗಿ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ.

ಗಾಡಿ ನಿಂತಿದ್ದಾಗ ಮಳೆ ಬಂದರೂ ಒಳಗೆ ಒದ್ದೆ ಆಗುತ್ತದಾ? ಆಗುತ್ತದೆ ಅಂದರೆ ನೀರು ಮೇಲಿಂದ ಬರುತ್ತಿದೆ. ಚಾವಣಿ, ಗಾಜು, ಬಾಗಿಲು, ಹಿಂದಿನ ದೀಪ, ಇವುಗಳಲ್ಲಿ ಎಲ್ಲೋ ಒಂದು ಕಡೆ. ಹಾಗಲ್ಲದೆ, ಒದ್ದೆ ರಸ್ತೆಯಲ್ಲಿ ಗಾಡಿ ಓಡಿದಾಗ ಮಾತ್ರ ನೀರು ಬರುತ್ತದಾ? ಹಾಗಾದರೆ ಅದು ಕೆಳಗಿಂದ ಬರುತ್ತಿದೆ. ಚಕ್ರ ರಸ್ತೆಯ ನೀರನ್ನು ಜೋರಾಗಿ ಮೇಲಕ್ಕೆ ಎರಚುತ್ತದೆ. ಚಕ್ರದ ಮೇಲಿನ ತಗಡು ತುಕ್ಕು ತಿಂದು ತೂತಾಗಿದ್ದರೆ ಆ ನೀರು ನೇರ ಒಳಗೆ. ಜೊತೆಗೆ ಕೆಸರೂ ಬಂದಿರುತ್ತದೆ. ಸ್ವಚ್ಛ ನೀರೋ, ಕೆಂಪು ನೀರೋ ನೋಡಿ. ಕೆಂಪಾಗಿದ್ದರೆ ಅನುಮಾನವೇ ಬೇಡ.

ಇನ್ನೊಂದು ವಿಷಯ. ಮಳೆಯೇ ಇಲ್ಲದ ದಿನ ಒಳಗೆ ಒದ್ದೆ ಇದ್ದರೆ ಅದು ಸೋರುವಿಕೆ ಅಲ್ಲ. ನೀರು ಚಿಮುಕಿಸಿದ ಸೊಪ್ಪು ತುಂಬಿರುತ್ತೀರಿ. ಅದರ ನೀರು ಇಳಿದಿರುತ್ತದೆ. ಇಲ್ಲವೇ ಗೂಡಿನದೇ ಹಸಿ ಇರುತ್ತದೆ. ಗೂಡಿನ ಒಳಗೆ ಹುಳಕ್ಕೆ ಜೀವ ಇರುತ್ತದೆ. ಅದು ಉಸಿರಾಡುತ್ತದೆ. ಬಾಗಿಲು ಬಿಗಿಯಾಗಿ ಮುಚ್ಚಿದ ಗಾಡಿಯಲ್ಲಿ ಆ ಉಸಿರಿನ ತೇವ ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ನೀರು ಕಟ್ಟುತ್ತದಲ್ಲ, ಹಾಗೆ. ಇದಕ್ಕೆ ಮದ್ದು ರಬ್ಬರು ಅಲ್ಲ, ಗಾಳಿ. ಪಕ್ಕದ ಕಿಟಕಿ ಸ್ವಲ್ಪ ತೆರೆದಿಡಿ, ಚೀಲ ಸಡಿಲವಾಗಿ ತುಂಬಿ.

ಹುಡುಕುವುದು ಹೇಗೆ?

ಒಂದು ಬಿಸಿಲಿನ ದಿನ ಆರಿಸಿಕೊಳ್ಳಿ. ಹಿಂದುಗಡೆ ಇರುವುದನ್ನೆಲ್ಲ ಕೆಳಗಿಳಿಸಿ. ಮ್ಯಾಟು ಎತ್ತಿ. ಕೆಲವು ಗಾಡಿಗಳಲ್ಲಿ ಸ್ಟೆಪ್ನಿ ಚಕ್ರ ಇಡುವ ಗುಂಡಿ ಇರುತ್ತದೆ, ಅದನ್ನೂ ನೋಡಿ. ಗುಡಿಸುವ ಮುಂಚೆ ಸ್ವಲ್ಪ ತಡೆಯಿರಿ. ಮೊದಲು ಕಣ್ಣಲ್ಲಿ ನೋಡಿ.

ನಮ್ಮ ಕಡೆಯ ಕೆಂಪು ಮಣ್ಣು ಇಲ್ಲಿ ನಮಗೆ ಸಹಾಯ ಮಾಡುತ್ತದೆ. ನೀರು ಬರುವ ಸಂದಿನಲ್ಲಿ ಬೇಸಿಗೆಯಲ್ಲಿ ಧೂಳು ಬರುತ್ತದೆ. ರಬ್ಬರಿನ ಪಕ್ಕದಲ್ಲಿ ಬಾಣದ ಹಾಗೆ ಕೆಂಪು ಗೆರೆ ಬಿದ್ದಿದ್ದರೆ, ಅದೇ ದಾರಿ. ಮಳೆಗಾಲ ಬರುವ ಮುಂಚೆಯೇ ಹೀಗೆ ನೋಡಿ ತಿಳಿಯಬಹುದು. ತಗಡಿನ ಮೇಲೆ ಕಂದು ಬಣ್ಣದ ತುಕ್ಕಿನ ಕಣ್ಣೀರು ಇಳಿದಿದೆಯಾ ನೋಡಿ. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ. ಗೆರೆ ಎಲ್ಲಿ ಶುರುವಾಗಿದೆಯೋ ಅಲ್ಲಿಗೆ ಸೀಮೆಸುಣ್ಣದಲ್ಲಿ ಒಂದು ಗುಂಡು ಸುತ್ತಿ.

ಆಮೇಲೆ ಬಾಗಿಲಿನ ಪರೀಕ್ಷೆ. ಬಾಗಿಲಿನ ಸುತ್ತ ಇರುವ ರಬ್ಬರಿಗೆ ಗ್ಯಾರೇಜಿನವರು ಬೀಡಿಂಗ್ ಅನ್ನುತ್ತಾರೆ. ನ್ಯೂಸ್ ಪೇಪರನ್ನು ಎರಡು ಬೆರಳು ಅಗಲದ ಪಟ್ಟಿಯಾಗಿ ಹರಿಯಿರಿ. ಪಟ್ಟಿಯನ್ನು ರಬ್ಬರಿನ ಮೇಲಿಟ್ಟು ಬಾಗಿಲು ಹಾಕಿ. ಈಗ ಮೆಲ್ಲಗೆ ಎಳೆಯಿರಿ. ಬಿಗಿಯಾಗಿದ್ದರೆ ರಬ್ಬರು ಚೆನ್ನಾಗಿದೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರು ತಾಗುತ್ತಿಲ್ಲ. ಹೀಗೆ ಗೇಣಿಗೊಂದು ಸಲ, ಸುತ್ತಲೂ ನೋಡಿ. ಮೂಲೆಗಳನ್ನು ಬಿಡಬೇಡಿ. ಸೋರುವುದು ಹೆಚ್ಚಾಗಿ ಮೂಲೆಯಲ್ಲೇ.

ಇನ್ನೂ ಗಟ್ಟಿಯಾಗಿ ತಿಳಿಯಬೇಕಾ? ಒಣಗಿದ ರಬ್ಬರಿಗೆ ಸುತ್ತಲೂ ಸೀಮೆಸುಣ್ಣ ಹಚ್ಚಿ. ಬಾಗಿಲು ಹಾಕಿ ತೆಗೆಯಿರಿ. ರಬ್ಬರು ತಾಗಿದ ಕಡೆ ತಗಡಿನ ಮೇಲೆ ಬಿಳಿ ಗೆರೆ ಮೂಡುತ್ತದೆ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಬಾಯಿ ಬಿಟ್ಟಿದೆ.

ಕಡೆಯದಾಗಿ ನೀರಿನ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಬೇಕು. ಹಿಂಬಾಗಿಲು ಒಳಗಿಂದ ತೆಗೆಯಲು ಬರದೆ ಇರಬಹುದು. ಅದಕ್ಕೆ ಹೊರಗಿರುವವರು ಗಾಡಿ ಬಿಟ್ಟು ಕದಲಬಾರದು. ಇಂಜಿನ್ ಆಫ್ ಆಗಿರಬೇಕು. ಮಕ್ಕಳನ್ನು ಒಳಗೆ ಕೂರಿಸಬೇಡಿ. ನೆಲದ ಮೇಲೆ ಒಣ ಪೇಪರು ಹಾಸಿ. ತಗಡಿನ ಅಂಚಿಗೆ, ಮೂಲೆಗೆ ತೆಳ್ಳಗೆ ರಂಗೋಲಿ ಪುಡಿ ಉದುರಿಸಿ. ಒಂದು ಹನಿ ಬಿದ್ದರೂ ಪುಡಿಯಲ್ಲಿ ಗುರುತು ಕಾಣುತ್ತದೆ.

ಹೊರಗಿರುವವರು ಚೊಂಬಿನಲ್ಲೋ ಪೈಪಿನಲ್ಲೋ ನೀರು ಬಿಡಬೇಕು. ಎಲ್ಲಿಂದ ಶುರು ಮಾಡಬೇಕು? ಎಲ್ಲರೂ ಚಾವಣಿ ಮೇಲಿಂದ ಸುರಿಯುತ್ತಾರೆ. ಅದು ತಪ್ಪು. ಮೇಲಿಂದ ಸುರಿದ ನೀರು ಗಾಜು, ಬಾಗಿಲು, ದೀಪ ಎಲ್ಲದರ ಮೇಲೂ ಹರಿಯುತ್ತದೆ. ಒಳಗೆ ಹನಿ ಬಿದ್ದರೆ ಯಾವುದರಿಂದ ಬಂತು ಅಂತ ಹೇಳೋದಕ್ಕೆ ಆಗಲ್ಲ. ಕೆಳಗಿನಿಂದ ಶುರು ಮಾಡಿ. ಮೊದಲು ಬಾಗಿಲಿನ ಕೆಳ ಅಂಚು. ಐದು ನಿಮಿಷ ಅಲ್ಲೇ ಬಿಡಿ. ಒಳಗಿರುವವರು "ಇಲ್ಲ" ಅಂದರೆ ಹಿಂದಿನ ದೀಪಕ್ಕೆ ಬನ್ನಿ. ಆಮೇಲೆ ಬಾಗಿಲಿನ ಪಕ್ಕ. ಆಮೇಲೆ ಗಾಜಿನ ಸುತ್ತ. ಕೊನೆಗೆ ಚಾವಣಿಯ ಅಂಚು. ಯಾವ ಮೆಟ್ಟಿಲಿಗೆ ಬಂದಾಗ "ಬಂತು, ಬಂತು!" ಅನ್ನುತ್ತಾರೋ, ಅದೇ ಜಾಗ. ಅವಸರ ಮಾಡಬೇಡಿ. ಸಣ್ಣ ಸಂದಿನಲ್ಲಿ ನೀರು ಇಳಿಯುವುದಕ್ಕೆ ಹೊತ್ತು ಬೇಕು.

ಗಾಡಿ ತೊಳೆಯುವ ಅಂಗಡಿಯ ಜೋರು ಪೈಪು ಈ ಕೆಲಸಕ್ಕೆ ಬೇಡ. ಅಷ್ಟು ರಭಸಕ್ಕೆ ಒಳ್ಳೆಯ ರಬ್ಬರೂ ನೀರು ಬಿಡುತ್ತದೆ. ಮಳೆಯ ಹಾಗೆ ಮೆಲ್ಲಗೆ ಬೀಳಬೇಕು.

ಎಲ್ಲಿ ಸೋರುತ್ತದೆ, ಏನು ಮಾಡಬೇಕು?

ನಮ್ಮ ಹಳ್ಳಿಗಳಲ್ಲಿ ಈಗಲೂ ಮಾರುತಿ ಓಮ್ನಿ ಓಡಾಡುತ್ತದೆ. ಈ ವ್ಯಾನು ಬಂದದ್ದು 1984ರಲ್ಲಿ. 2019ರಲ್ಲಿ ಕಂಪನಿ ಇದನ್ನು ಮಾಡುವುದು ನಿಲ್ಲಿಸಿತು. ಅಂದರೆ ಇರುವ ಓಮ್ನಿ ಎಲ್ಲವೂ ಹಳೆಯವೇ. 2010ರಲ್ಲಿ ಬಂದ ಈಕೊ ಗಾಡಿಗಳಿಗೂ ವಯಸ್ಸಾಗುತ್ತಾ ಬಂದಿದೆ. ಬಿಸಿಲಿಗೆ ಇವುಗಳ ರಬ್ಬರು ಒಣಗಿ ಗಟ್ಟಿಯಾಗುತ್ತದೆ. ಬೆರಳಿನಲ್ಲಿ ಅದುಮಿದರೆ ಮತ್ತೆ ಉಬ್ಬುವುದಿಲ್ಲ. ಅಂಥ ರಬ್ಬರು ಬದಲಾಯಿಸಲೇಬೇಕು. ಹೊಸ ಬೀಡಿಂಗ್ ಅಳತೆ ಲೆಕ್ಕದಲ್ಲಿ ಸಿಗುತ್ತದೆ. ಹಳೆಯದರ ಒಂದು ತುಂಡು ಕತ್ತರಿಸಿ ಅಂಗಡಿಗೆ ಒಯ್ಯಿರಿ. ಹಾಕುವಾಗ ಒಂದು ಎಚ್ಚರ: ರಬ್ಬರಿನ ಎರಡು ತುದಿ ಸೇರುವ ಜಾಗ ಬಾಗಿಲಿನ ಕೆಳಭಾಗದಲ್ಲಿ ಬರಬೇಕು. ಮೇಲೆ ಬಂದರೆ ಆ ಸೇರಿಕೆಯಲ್ಲೇ ನೀರು ಇಳಿಯುತ್ತದೆ. ಎಳೆದು ಹಿಗ್ಗಿಸಿ ಹಾಕಬಾರದು, ಆಮೇಲೆ ಕುಗ್ಗಿ ಸಂದು ಬಿಡುತ್ತದೆ.

ರಬ್ಬರು ಮೆತ್ತಗಿದ್ದು ಬಾಗಿಲೇ ಸಡಿಲವಾಗಿದ್ದರೆ? ಬಾಗಿಲನ್ನು ಹಿಡಿದು ಅಲುಗಾಡಿಸಿ. ಲಟಪಟ ಅಂದರೆ ಕೊಂಡಿ ಸರಿಯಿಲ್ಲ. ಮೆಕಾನಿಕ್ ಕೊಂಡಿಯ ಬೋಲ್ಟ್ ಸಡಿಲಿಸಿ ಸ್ವಲ್ಪ ಒಳಕ್ಕೆ ಸರಿಸಿ ಬಿಗಿದರೆ ಆಯಿತು. ರಬ್ಬರು ಕೊಳ್ಳುವ ಮುಂಚೆ ಇದನ್ನು ನೋಡಿಸಿ.

ಹಿಂದಿನ ಕೆಂಪು ದೀಪವನ್ನು ಜನ ಮರೆಯುತ್ತಾರೆ. ದೀಪದ ಹಿಂದೆ ಒಂದು ತೆಳು ರಬ್ಬರು ಇಲ್ಲವೇ ಸ್ಪಂಜು ಇರುತ್ತದೆ. ಬಲ್ಬು ಬದಲಾಯಿಸಿದವರು ಅದನ್ನು ಮಡಚಿಯೋ ಹರಿದೋ ಕೂರಿಸಿರುತ್ತಾರೆ. ಸ್ಕ್ರೂ ಬಿಚ್ಚಿ, ಒರೆಸಿ, ಹೊಸ ಸ್ಪಂಜು ಇಟ್ಟು ಕೂರಿಸಬೇಕು. ಸ್ಕ್ರೂ ಅತಿಯಾಗಿ ಬಿಗಿದರೆ ದೀಪದ ಪ್ಲಾಸ್ಟಿಕ್ಕು ಬಿರಿಯುತ್ತದೆ. ಕ್ಯಾರಿಯರು ಹಾಕಲು, ಹೆಸರಿನ ಬೋರ್ಡು ಹಾಕಲು ಕೊರೆದ ತೂತುಗಳನ್ನೂ ನೋಡಿ. ಸ್ಕ್ರೂ ಬಿದ್ದುಹೋದ ಒಂದು ತೂತು ಸಾಕು.

ಚಾವಣಿಯ ಸಂದಿಗೆ ಗಾಡಿಯ ಬಾಡಿಗೆ ಹಾಕುವ ಸೀಲೆಂಟ್ ಅಂತ ಟ್ಯೂಬಿನಲ್ಲಿ ಸಿಗುತ್ತದೆ. ಹಳೆಯದನ್ನು ಕೆರೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಹಚ್ಚಿ. ಒಂದು ದಿನ ನೀರು ತಾಗಿಸಬೇಡಿ. ಬಚ್ಚಲಮನೆಗೆ ಹಾಕುವ, ವಿನೆಗರ್ ತರಹ ಹುಳಿ ವಾಸನೆ ಹೊಡೆಯುವ ಸಿಲಿಕೋನು ಬೇಡ. ಅದರ ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಎಂ-ಸೀಲ್ ಗಟ್ಟಿಯಾಗಿ ಕಲ್ಲಿನ ಹಾಗೆ ಕೂರುತ್ತದೆ. ಅಲುಗಾಡುವ ಸಂದಿಗೆ ಹಾಕಿದರೆ ನಮ್ಮ ರಸ್ತೆಯ ಗುಂಡಿಗಳಿಗೆ ಬಿರುಕು ಬಿಡುತ್ತದೆ.

ಚಕ್ರದ ಮೇಲಿನ ತುಕ್ಕಿನ ತೂತು ಮಾತ್ರ ಮನೆಯಲ್ಲಿ ಆಗುವ ಕೆಲಸ ಅಲ್ಲ. ತುಕ್ಕಿನ ಮೇಲೆ ಟಾರು ಬಳಿದರೆ ಕಣ್ಣಿಗೆ ಚೆನ್ನ, ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ. ಕೆರೆದು, ಹೊಸ ತಗಡು ಬೆಸುಗೆ ಹಾಕಿಸಿ, ರೆಡ್ ಆಕ್ಸೈಡ್ ಬಳಿಸಿ, ಆಮೇಲೆ ಬಣ್ಣ ಹಾಕಿಸಬೇಕು.

ಒಂದು ಕೆಲಸ ಮಾಡಲೇಬೇಡಿ. ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಅವು ನೀರು ಹೊರಗೆ ಹೋಗಲು ಕಂಪನಿಯವರೇ ಬಿಟ್ಟದ್ದು. "ಇಲ್ಲಿಂದಲೇ ನೀರು ಬರ್ತಿದೆ" ಅಂತ ಅದನ್ನು ಮುಚ್ಚಿದರೆ ನೀರು ಒಳಗೇ ನಿಂತು ಬಾಗಿಲು ಕೊಳೆಯುತ್ತದೆ. ಬದಲಿಗೆ ಒಂದು ಕಡ್ಡಿ ಹಾಕಿ ಮಣ್ಣು ತೆಗೆಯಿರಿ. ಆದರೆ ನೆಲದ ತಗಡಿನಲ್ಲಿ ರಬ್ಬರು ಬಿರಡೆ ಇರುವ ತೂತು ಬೇರೆ. ಆ ಬಿರಡೆ ಬಿದ್ದುಹೋಗಿದ್ದರೆ ಹೊಸದು ಹಾಕಬೇಕು.

ತೆರೆದ ಗಾಡಿಯವರಿಗೂ ಎರಡು ಮಾತು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಊರಿಗೂ ಗೂಡ್ಸ್ ಗಾಡಿ ಬಂದಿದೆ. ಇದಕ್ಕೆ ಚಾವಣಿ ಅಂದರೆ ಟಾರ್ಪಾಲೇ. ಟಾರ್ಪಾಲಿನ ಅಂಚನ್ನು ಪಕ್ಕದ ಹಲಗೆಯ ಒಳಗೆ ಸಿಕ್ಕಿಸಬಾರದು. ಸಿಕ್ಕಿಸಿದರೆ ಮೇಲೆ ಬಿದ್ದ ನೀರೆಲ್ಲ ಸಾಮಾನಿನ ಮೇಲೇ ಇಳಿಯುತ್ತದೆ. ಅಂಚು ಹಲಗೆಯ ಹೊರಗೆ ಜೋಲಬೇಕು. ನಡುವೆ ಒಂದು ಬಿದಿರು ಗಳ ಕಟ್ಟಿ ಮನೆಯ ಮಾಡಿನ ಹಾಗೆ ಎತ್ತರ ಮಾಡಿ. ಗುಂಡಿ ಬಿದ್ದರೆ ಅಲ್ಲಿ ಕೆರೆ ನಿಲ್ಲುತ್ತದೆ, ಬ್ರೇಕು ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ.

ನೀರಿನ ದಾರಿಯಲ್ಲಿ ಹೊಗೆಯೂ ಬರುತ್ತದೆ

ಇದು ಗೂಡಿಗಿಂತ ದೊಡ್ಡ ವಿಷಯ. ಗಾಡಿಯ ಹೊಗೆ ಕೊಳವೆ ಹಿಂದುಗಡೆಯೇ ಇರುತ್ತದೆ. ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿ ಸುಳಿ ಸುತ್ತುತ್ತದೆ. ಬಾಗಿಲು ಸಂದು ಬಿಟ್ಟಿದ್ದರೆ ಆ ಹೊಗೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಡಿಯಲ್ಲಿ ಕೂತಾಗಲೆಲ್ಲ ತಲೆನೋವು, ವಾಕರಿಕೆ, ತಲೆ ಸುತ್ತು ಬಂದರೆ ಬರೀ ಪಿತ್ತ ಅಂದುಕೊಳ್ಳಬೇಡಿ. ಕೆಳಗಿಳಿದು ಗಾಳಿಗೆ ಬಂದಾಗ ಕಡಿಮೆಯಾಗುತ್ತದಾ ಗಮನಿಸಿ. ಕಡಿಮೆಯಾದರೆ ಹೊಗೆಯ ಮೇಲೇ ಅನುಮಾನ. ಅಂಥ ಗಾಡಿಯನ್ನು ರಿಪೇರಿ ಮಾಡಿಸುವ ತನಕ ಯಾರನ್ನೂ ಹಿಂದೆ ಕೂರಿಸಬೇಡಿ. ಯಾರಾದರೂ ಎಚ್ಚರ ತಪ್ಪಿದರೆ ಕೂಡಲೇ ಹೊರಗೆ ತಂದು ಆಸ್ಪತ್ರೆಗೆ ಒಯ್ಯಬೇಕು. ಉದ್ದನೆ ಸಾಮಾನು ಹಾಕಿ ಹಿಂಬಾಗಿಲನ್ನು ಹಗ್ಗ ಕಟ್ಟಿ ತೆರೆದುಕೊಂಡು ಓಡಿಸುವುದೂ ಇದೇ ಕಾರಣಕ್ಕೆ ಕೆಟ್ಟದ್ದು. ಹಿಂದೆ ಮಕ್ಕಳು ಕೂತಿದ್ದರಂತೂ ಬೇಡವೇ ಬೇಡ.

ಗ್ಯಾರೇಜಿಗೆ ಹೋದಾಗ

"ಹೆಂಗಸರು ಹೇಳಿದರೆ ಗ್ಯಾರೇಜಿನಲ್ಲಿ ಕೇಳೋದಿಲ್ಲ" ಅಂತ ಬಹಳ ಜನ ಹೇಳುತ್ತಾರೆ. ಸುಳ್ಳಲ್ಲ. ಆದರೆ "ಗಾಡಿ ಸೋರ್ತದೆ" ಅನ್ನುವುದಕ್ಕೂ, "ಎಡಗಡೆ ದೀಪದ ಮೇಲಿನ ಮೂಲೆಯಲ್ಲಿ ಸೋರ್ತದೆ" ಅನ್ನುವುದಕ್ಕೂ ವ್ಯತ್ಯಾಸ ಇದೆ. ಮೊದಲನೆ ಮಾತಿಗೆ ಎಲ್ಲ ರಬ್ಬರು ಬದಲಾಯಿಸಿ ಬಿಲ್ಲು ಮಾಡಬಹುದು. ಎರಡನೆ ಮಾತಿಗೆ ಆ ಮೂಲೆ ನೋಡಲೇಬೇಕು.

ನಿಮಗೆ ಈಗ ಬರೆಯಲು ಬರುತ್ತದೆ. ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಿ. ಉದ್ದ ಬೇಡ, ಇಷ್ಟು ಸಾಕು:

"ಸೋಮವಾರ. ರಾತ್ರಿ ಮಳೆ. ಗಾಡಿ ನಿಂತಿತ್ತು. ಎಡ ಮೂಲೆ ಒದ್ದೆ."

"ಗುರುವಾರ. ಮಳೆ ಇಲ್ಲ. ಒಳಗೆ ಒಣ."

"ಭಾನುವಾರ. ನೀರು ಹಾಕಿ ನೋಡಿದೆವು. ಎಡ ದೀಪದ ಹತ್ತಿರ ಬಂತು."

ಈ ಪುಸ್ತಕ ತೋರಿಸಿ ಮಾತಾಡಿ. ಎಷ್ಟು ಆಗುತ್ತದೆ ಅಂತ ಮೊದಲೇ ಕೇಳಿ, ಅದನ್ನೂ ಬರೆದುಕೊಳ್ಳಿ. ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮುಂಚೆ ಅಲ್ಲೇ ಎರಡು ಬಕೆಟ್ ನೀರು ಹಾಕಿಸಿ ನೋಡಿ. ಸೀಲೆಂಟ್ ಹಚ್ಚಿದ್ದರೆ ಮಾತ್ರ ಒಂದು ದಿನ ಬಿಟ್ಟು ಬಂದು ಹಾಕಿಸಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಬಾಡಿಗೆ ಗಾಡಿಯಾದರೆ ಗೂಡು ಏರಿಸುವ ಮುಂಚೆ ಮ್ಯಾಟು ಎತ್ತಿ ಕೈ ಆಡಿಸಿ ನೋಡಿ.

ರಿಪೇರಿ ಆಗುವ ತನಕ

ಸೋರುವ ಗಾಡಿಯಲ್ಲೇ ಗೂಡು ಒಯ್ಯಬೇಕಾಗಿ ಬಂದರೆ ನೆಲದ ಮೇಲೆ ಚೀಲ ಇಡಬೇಡಿ. ಹಲಗೆಯೋ ತರಕಾರಿ ಕ್ರೇಟೋ ಮಗುಚಿ ಹಾಕಿ, ಅದರ ಮೇಲೆ ಇಡಿ. ಹನಿ ಬೀಳುವ ಜಾಗದಿಂದ ದೂರ ಇಡಿ. ಗೂಡಿನ ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಒಳಗೇ ಬೆವರುತ್ತದೆ. ಮೇಲುಗಡೆ ಒಂದು ಹಾಳೆ ಹಿಡಿದು ಕಟ್ಟಿದರೆ ಸಾಕು, ಪಕ್ಕಕ್ಕೆ ಗಾಳಿ ಆಡಲಿ.

ಅಷ್ಟಾದರೂ ಒಂದು ಚೀಲ ನೆಂದರೆ ಅದನ್ನು ಕೂಡಲೇ ಬೇರೆ ಮಾಡಿ. ನೆಂದ ಗೂಡನ್ನು ಒಣ ಗೂಡಿನ ಜೊತೆ ಬೆರೆಸಬೇಡಿ. ಬೆರೆಸಿದರೆ ಪೂರ್ತಿ ರಾಶಿಗೇ ನೆಂದ ಗೂಡಿನ ರೇಟು ಕಟ್ಟುತ್ತಾರೆ. ನೆರಳಿನಲ್ಲಿ, ಗಾಳಿ ಆಡುವ ಕಡೆ, ತೆಳ್ಳಗೆ ಹರಡಿ. ಬಿಸಿಲಿಗೆ ಹಾಕಬೇಡಿ. ಕಲೆಯಾದದ್ದನ್ನು, ಮೆತ್ತಗಾದದ್ದನ್ನು ಆರಿಸಿ ತೆಗೆದು, ಉಳಿದದ್ದನ್ನು ಒಣ ಗೂಡಿನ ಪಕ್ಕದಲ್ಲೇ ಬೇರೆ ರಾಶಿಯಾಗಿ ಹರಾಜಿಗೆ ಇಡಿ.